ಮಾಲೀಕನಿಗೆ ಖರ್ಚಿಲ್ಲದ ಜಗಳ

2017ರ ಫೆಬ್ರುವರಿ 8. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕ್ಸ್ ಮತ್ತು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡಗಳ ನಡುವಿನ ಎನ್‌ಬಿಎ ಪಂದ್ಯದ ಮೊದಲ ಕ್ವಾರ್ಟರ್ ಇನ್ನೂ ಮುಗಿದಿರಲಿಲ್ಲ. ಅಂಕಣಕ್ಕೆ ಅಂಟಿಕೊಂಡ ಸೀಟಿನಲ್ಲಿ ನಿಕ್ಸ್ ಮಾಲೀಕ ಜೇಮ್ಸ್ ಡೋಲನ್ ಇದ್ದರು. ಅವರಿಗಿಂತ ಕೆಲವೇ ಸಾಲು ಹಿಂದೆ, ಟಿಕೆಟ್ ಹಿಡಿದು ಒಳಬಂದಿದ್ದ 53 ವರ್ಷದ ಚಾರ್ಲ್ಸ್ ಓಕ್ಲಿ ಕುಳಿತಿದ್ದರು. ಅದೇ ಅಂಕಣದಲ್ಲಿ ಹತ್ತು ವರ್ಷ ನಿಕ್ಸ್‌ಗಾಗಿ ಮೈಮುರಿದು ಆಡಿದವರು. ಭದ್ರತಾ ಸಿಬ್ಬಂದಿ ಬಂದು ಸುತ್ತುವರಿದರು, ಮಾತಿಗೆ ಮಾತು ಬೆಳೆಯಿತು. ಓಕ್ಲಿ ಎದ್ದು ನಿಂತರು, ತಳ್ಳಿದರು, ತಳ್ಳಿಸಿಕೊಂಡರು, ನೆಲಕ್ಕೆ ಬಿದ್ದರು, ಮತ್ತೆ ಎದ್ದರು. ಆರೂವರೆ ಅಡಿ ಮೀರಿದ ಆ ಆಳನ್ನು ಹೊರಗೆ ಸಾಗಿಸಲು ಹಲವರು ಕೈಹಾಕಬೇಕಾಯಿತು. ಆಗ ನಿಕ್ಸ್ ಅಧ್ಯಕ್ಷರಾಗಿದ್ದ ಫಿಲ್ ಜಾಕ್ಸನ್ ಒಳದಾರಿಯವರೆಗೂ ಓಡಿಬಂದು ಸಮಾಧಾನಪಡಿಸಲು ನೋಡಿದರು. ಓಕ್ಲಿಯ ಕೈಗೆ ಕೋಳ ಬಿತ್ತು. ಪ್ರೇಕ್ಷಕರು ಓಕ್ಲಿಯ ಹೆಸರು ಹಿಡಿದು ಕೂಗಿದರು. ಇಷ್ಟೂ ದೇಶದಾದ್ಯಂತ ಟಿವಿಯಲ್ಲಿ ನೇರ ಪ್ರಸಾರವಾಯಿತು. ಪಂದ್ಯದ ರಾತ್ರಿಯೇ ತಂಡ ಟ್ವಿಟರ್‌ನಲ್ಲಿ ಹೇಳಿಕೆ ಕೊಟ್ಟು, ಓಕ್ಲಿಯ ವರ್ತನೆ ನಿಂದನೀಯವಾಗಿತ್ತು ಎಂದಿತು. ಒಳ್ಳೆಯ ಆಟಗಾರನಾಗಿದ್ದ ಅವರಿಗೆ ಬೇಗ ಏನಾದರೂ ನೆರವು ಸಿಗಲಿ ಎಂಬ ಹಾರೈಕೆಯನ್ನೂ ಸೇರಿಸಿತು. ಕಪಾಳಕ್ಕೆ ಬಾರಿಸಿ ಕೆನ್ನೆ ಸವರುವ ಆ ಕೊನೆಯ ಸಾಲು ಓಕ್ಲಿಯನ್ನು ಕೋಳಕ್ಕಿಂತ ಹೆಚ್ಚು ನೋಯಿಸಿದ್ದರೆ ಅಚ್ಚರಿಯಿಲ್ಲ.

ಆ ರಾತ್ರಿ ಹೊತ್ತಿಕೊಂಡದ್ದು ವರ್ಷಗಳು ಉರುಳಿದರೂ ಆರಲಿಲ್ಲ. ಕ್ರಿಮಿನಲ್ ದೂರು, ಆಜೀವವೇನೋ ಎಂಬಂತೆ ಘೋಷಣೆಯಾಗಿ ನಾಲ್ಕೇ ದಿನದಲ್ಲಿ ತೆರವಾದ ನಿಷೇಧ, ಸಿವಿಲ್ ದಾವೆ, ಎರಡು ಬಾರಿ ವಜಾ, ಎರಡು ಬಾರಿ ಮರುಜೀವ, ಲಕ್ಷಗಟ್ಟಲೆ ಡಾಲರ್ ದಂಡ ಎಲ್ಲವೂ ಆಗಿಹೋದವು. ಇಬ್ಬರು ಹಠಮಾರಿಗಳ ಜಿದ್ದು, ಎರಡು ಕೈ ಸೇರಿದರೇ ಚಪ್ಪಾಳೆ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಇಬ್ಬರೂ ಹಠಮಾರಿಗಳೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಟಗಾರರು ಮತ್ತು ಮಾಲೀಕರ ನಡುವೆ ಇದಕ್ಕಿಂತ ಘೋರವಾದ ಜಗಳಗಳು ಹುಟ್ಟಿ, ರಾಜಿಯಾಗಿ, ಮರೆತೂ ಹೋಗಿವೆ. ಅಲ್ಲಿಯೂ ಹಠಮಾರಿಗಳೇ ಇದ್ದರು. ಹಾಗಾದರೆ ಇದೊಂದು ಏಕೆ ಮುಗಿಯಲಿಲ್ಲ? ಉತ್ತರವನ್ನು ಇಬ್ಬರ ಸ್ವಭಾವಕ್ಕಿಂತ ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ ಹುಡುಕಬೇಕು ಎಂಬುದು ನನ್ನ ವಾದ. ಜಗಳ ಮುಂದುವರಿಸಿದರೆ ಡೋಲನ್‌ಗೆ ಕಿಂಚಿತ್ತೂ ನಷ್ಟವಿಲ್ಲ, ಮುಗಿಸಿದರೆ ಲಾಭವೂ ಇಲ್ಲ. ನಿವೃತ್ತನಾದ ಓಕ್ಲಿಯ ಬಳಿ ಮಾಲೀಕನಿಗೆ ಬೇಕಾದ್ದು ಏನೂ ಉಳಿದಿಲ್ಲ. ಇಂಥ ಕಡೆ ರಾಜಿ ಎಂಬುದು ಮಾಲೀಕನ ಮರ್ಜಿ.

ಓಕ್ಲಿಯ ಹಿನ್ನೆಲೆ ತಿಳಿಯದೆ ಪ್ರೇಕ್ಷಕರ ಆ ಕೂಗು ಅರ್ಥವಾಗದು. ಓಹಯೋ ರಾಜ್ಯದ ಕ್ಲೀವ್ಲೆಂಡ್‌ನಲ್ಲಿ ಹುಟ್ಟಿ, ರಿಚ್ಮಂಡ್‌ನ ವರ್ಜೀನಿಯಾ ಯೂನಿಯನ್ ಎಂಬ ಎರಡನೇ ದರ್ಜೆ ಕ್ರೀಡಾ ವಿಭಾಗದ ಕಾಲೇಜಿನಿಂದ ಬಂದವರು. 1985ರ ಆಯ್ಕೆಯಲ್ಲಿ ಒಂಬತ್ತನೆಯವರಾಗಿ ಲೀಗ್ ಪ್ರವೇಶಿಸಿ, ಶಿಕಾಗೊ ಬುಲ್ಸ್‌ನಲ್ಲಿ ಮೂರು ವರ್ಷ ಮೈಕೆಲ್ ಜೋರ್ಡನ್ ಜೊತೆ ಆಡಿದರು. 1988ರಲ್ಲಿ ಬುಲ್ಸ್ ಅವರನ್ನು ನಿಕ್ಸ್‌ಗೆ ಕೊಟ್ಟು ಬಿಲ್ ಕಾರ್ಟ್‌ರೈಟ್‌ರನ್ನು ತೆಗೆದುಕೊಂಡಿತು. ಅಲ್ಲಿಂದ 1998ರವರೆಗಿನ ಹತ್ತು ಋತುಗಳಲ್ಲಿ ನಿಕ್ಸ್ ಒಮ್ಮೆಯೂ ಪ್ಲೇ-ಆಫ್ ತಪ್ಪಿಸಿಕೊಳ್ಳಲಿಲ್ಲ. ಪ್ಯಾಟ್ರಿಕ್ ಯೂಯಿಂಗ್ ತಂಡದ ಮುಖವಾಗಿದ್ದರೆ ಓಕ್ಲಿ ಅದರ ಮೊಣಕೈ. ಪಾಯಿಂಟ್ ಗಳಿಸಿ ಮೆರೆಯುವುದು ಅವರ ಕೆಲಸವಾಗಿರಲಿಲ್ಲ. ಎದುರಾಳಿಯನ್ನು ಬುಟ್ಟಿಯ ಬಳಿ ಸುಳಿಯಗೊಡದೆ ನಿಲ್ಲುವುದು, ಹೊರಹೋಗುವ ಚೆಂಡಿಗಾಗಿ ಮುಂದಿನ ಸಾಲಿನ ಪ್ರೇಕ್ಷಕರ ಮೇಲೇ ಹಾರುವುದು, ಯೂಯಿಂಗ್ ಮೈಮುಟ್ಟಿದವನಿಗೆ ಬಿಸಿ ಮುಟ್ಟಿಸುವುದು ಅವರ ಪಾಲಿನ ಕೆಲಸ. 1993-94ರ ಋತುವಿನ 82 ಲೀಗ್ ಪಂದ್ಯಗಳನ್ನೂ ಅನಂತರದ 25 ಪ್ಲೇ-ಆಫ್ ಪಂದ್ಯಗಳನ್ನೂ, ಒಂದನ್ನೂ ಬಿಡದೆ ಆಡಿದರು. ಆ ವರ್ಷ ಆಲ್-ಸ್ಟಾರ್ ಆದರು. ಫೈನಲ್‌ನಲ್ಲಿ ಹ್ಯೂಸ್ಟನ್ ವಿರುದ್ಧ 3-2ರ ಮುನ್ನಡೆ ಪಡೆದಿದ್ದ ನಿಕ್ಸ್ ಏಳನೇ ಪಂದ್ಯದಲ್ಲಿ ಸೋತಿತು. ವೃತ್ತಿಜೀವನದ ಒಟ್ಟು ಲೆಕ್ಕ 1,282 ಪಂದ್ಯ, 12,205 ರಿಬೌಂಡ್. ಕಪ್ ಗೆಲ್ಲಲಿಲ್ಲ ನಿಜ. ಆದರೆ ದುಡಿದು ತಿನ್ನುವ ನ್ಯೂಯಾರ್ಕ್ ತನ್ನನ್ನು ಕಂಡುಕೊಂಡದ್ದು ಇಂಥವರಲ್ಲಿಯೇ.

ಡೋಲನ್ ಬಂದ ದಾರಿ ಬೇರೆ. ತಂದೆ ಚಾರ್ಲ್ಸ್ ಡೋಲನ್ ಅಮೆರಿಕದ ಕೇಬಲ್ ಟಿವಿಯ ಆದ್ಯರಲ್ಲೊಬ್ಬರು. ಎಚ್‌ಬಿಒ ಮತ್ತು ಕೇಬಲ್‌ವಿಷನ್ ಅವರು ಕಟ್ಟಿದ ಸಂಸ್ಥೆಗಳು. 1990ರ ದಶಕದ ನಡುವೆ ಕೇಬಲ್‌ವಿಷನ್ ಗಾರ್ಡನ್ನಿನ ಒಡೆತನಕ್ಕೆ ಕೈಹಾಕಿತು. ಗಾರ್ಡನ್ ಅಂದರೆ ಕಟ್ಟಡವಷ್ಟೇ ಅಲ್ಲ. ನಿಕ್ಸ್, ಹಾಕಿ ತಂಡ ರೇಂಜರ್ಸ್, ಪಂದ್ಯ ತೋರಿಸುವ ಟಿವಿ ಚಾನೆಲ್ ಎಲ್ಲವೂ ಆ ಗಂಟಿನಲ್ಲಿದ್ದವು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಮಗ ಜೇಮ್ಸ್ ಗಾರ್ಡನ್ನಿನ ಆಡಳಿತವನ್ನು ಪೂರ್ತಿಯಾಗಿ ಕೈಗೆ ತೆಗೆದುಕೊಂಡಾಗ ಓಕ್ಲಿ ಆಗಲೇ ಟೊರಾಂಟೊ ತಂಡ ಸೇರಿದ್ದರು. 1998ರಲ್ಲಿ ಮಾರ್ಕಸ್ ಕ್ಯಾಂಬಿಗೆ ಬದಲಾಗಿ ಅವರನ್ನು ಅಲ್ಲಿಗೆ ಕಳುಹಿಸಲಾಗಿತ್ತು. ಅಂದರೆ ಈ ಇಬ್ಬರ ನಡುವೆ ಸಂಬಳದ ತಕರಾರಿಲ್ಲ, ಒಪ್ಪಂದದ ತಕರಾರಿಲ್ಲ, ಆಡಿಸಲಿಲ್ಲ ಎಂಬ ಮುನಿಸಿಲ್ಲ. ಇದ್ದದ್ದು ಮಾತು. ಡೋಲನ್ ಕೈಯಲ್ಲಿ ನಿಕ್ಸ್ ಕುಸಿಯುತ್ತ ಹೋದಂತೆ ಓಕ್ಲಿ ಮುಲಾಜಿಲ್ಲದೆ ಪತ್ರಿಕೆಗಳಲ್ಲಿ ಟೀಕಿಸಿದರು. ಟೀಕೆಗೆ ಆಧಾರವೂ ಇತ್ತು. 2001-02ರಿಂದ 2019-20ರವರೆಗಿನ ಹತ್ತೊಂಬತ್ತು ಋತುಗಳಲ್ಲಿ ನಿಕ್ಸ್ ಸೋಲಿಗಿಂತ ಹೆಚ್ಚು ಗೆಲುವು ಕಂಡದ್ದು ಮೂರರಲ್ಲಿ ಮಾತ್ರ. ಹಳೆಯ ಆಟಗಾರರನ್ನು ಗಾರ್ಡನ್‌ಗೆ ಕರೆದು ಮಣೆ ಹಾಕುವ ಪಟ್ಟಿಯಿಂದ ಓಕ್ಲಿಯ ಹೆಸರು ಬಿಟ್ಟುಹೋಯಿತು. ತಾನು ಭೇಟಿಗೆ ಪ್ರಯತ್ನಿಸಿದರೂ ಡೋಲನ್ ಸೊಪ್ಪು ಹಾಕಲಿಲ್ಲ, ಪಂದ್ಯ ನೋಡಬೇಕೆಂದರೆ ಟಿಕೆಟ್ ಕೊಂಡೇ ಹೋಗುತ್ತೇನೆ ಎಂದು 2016ರಲ್ಲಿ ಅವರು ನ್ಯೂಯಾರ್ಕ್ ಟೈಮ್ಸ್‌ಗೆ ಹೇಳಿದ್ದರು.

ಫೆಬ್ರುವರಿಯ ಆ ಘಟನೆಯಾದ ಎರಡು ದಿನಕ್ಕೆ ಡೋಲನ್ ರೇಡಿಯೊ ಕಾರ್ಯಕ್ರಮವೊಂದರಲ್ಲಿ ಕುಳಿತು ಓಕ್ಲಿಗೆ ಗಾರ್ಡನ್ ಪ್ರವೇಶ ನಿಷೇಧಿಸಿದ್ದನ್ನು ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲದೆ, ಓಕ್ಲಿಗೆ ಕುಡಿತದ ಸಮಸ್ಯೆ ಇರಬಹುದು ಎಂಬ ಮಾತನ್ನೂ ತೇಲಿಬಿಟ್ಟರು. ಎರಡು ವರ್ಷ ಹಿಂದೆ, 2015ರಲ್ಲಿ, ದಶಕಗಳಿಂದ ನಿಕ್ಸ್ ಅಭಿಮಾನಿಯಾಗಿದ್ದ ವೃದ್ಧರೊಬ್ಬರು ತಂಡದ ದುಃಸ್ಥಿತಿಗೆ ನೊಂದು ಡೋಲನ್‌ಗೆ ಇಮೇಲ್ ಬರೆದಿದ್ದರು. ಮಾಲೀಕರ ಉತ್ತರದಲ್ಲಿಯೂ ಇದೇ ಧಾಟಿ: ನೀವು ಕುಡುಕರಿರಬಹುದು, ಹೋಗಿ ಬ್ರೂಕ್ಲಿನ್‌ನ ನೆಟ್ಸ್ ತಂಡಕ್ಕೆ ಜೈ ಅನ್ನಿ, ನಿಕ್ಸ್‌ಗೆ ನೀವು ಬೇಡ. ಟೀಕಿಸಿದವರ ಬುದ್ಧಿ ನೆಟ್ಟಗಿಲ್ಲ ಎಂದು ಸೂಚಿಸುವುದು ಬಾಯ್ತಪ್ಪಿ ಬಂದ ಮಾತಲ್ಲ, ಮೊದಲೇ ರೂಢಿಯಾಗಿದ್ದ ವರಸೆ ಎಂಬುದಕ್ಕೆ ಆ ಇಮೇಲ್ ಸಾಕ್ಷಿ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಮತ್ತೊಂದು ಸಂಗತಿ. ಗಿರಾಕಿಗೆ ‘ಬೇರೆ ಅಂಗಡಿಗೆ ಹೋಗು’ ಎಂದು ಲಿಖಿತವಾಗಿ ಹೇಳುವ ಧೈರ್ಯ ಯಾವ ವ್ಯಾಪಾರಿಗಿದೆ? ಗಿರಾಕಿ ಹೋಗುವುದಿಲ್ಲ ಎಂದು ಖಾತ್ರಿಯಿದ್ದವನಿಗೆ ಮಾತ್ರ.

ರಾಜಿಗೆ ಪ್ರಯತ್ನ ನಡೆಯಲಿಲ್ಲವೆಂದಲ್ಲ. ಲೆಬ್ರಾನ್ ಜೇಮ್ಸ್, ಡ್ವೇನ್ ವೇಡ್, ಕ್ರಿಸ್ ಪಾಲ್ ಅವರಂಥ ಚಾಲ್ತಿಯ ತಾರೆಯರೇ ಬಹಿರಂಗವಾಗಿ ಓಕ್ಲಿಯ ಪರ ನಿಂತದ್ದರಿಂದ ಲೀಗ್‌ಗೆ ಇರಿಸುಮುರಿಸಾಯಿತು. ಫೆಬ್ರುವರಿ 13ರಂದು ಎನ್‌ಬಿಎ ಆಯುಕ್ತ ಆ್ಯಡಂ ಸಿಲ್ವರ್ ಇಬ್ಬರನ್ನೂ ಎದುರುಬದುರು ಕೂರಿಸಿದರು. ಆಗ ಶಾರ್ಲಟ್ ಹಾರ್ನೆಟ್ಸ್ ಮಾಲೀಕರಾಗಿದ್ದ, ಓಕ್ಲಿಯ ಹಳೆಯ ಗೆಳೆಯ ಜೋರ್ಡನ್ ಫೋನಿನಲ್ಲಿ ಜೊತೆಗೂಡಿದರು. ಇಬ್ಬರೂ ನಡೆದದ್ದಕ್ಕೆ ವಿಷಾದಿಸಿದ್ದಾರೆ, ಓಕ್ಲಿ ತಮ್ಮ ಅತಿಥಿಯಾಗಿ ಗಾರ್ಡನ್‌ಗೆ ಮರಳಲಿ ಎಂಬುದು ಡೋಲನ್ ಆಶಯ ಎಂದು ಸಿಲ್ವರ್ ಹೇಳಿಕೆ ಹೊರಡಿಸಿದರು. ಮರುದಿನ ನಿಷೇಧ ತೆರವಾಯಿತು. ಆದರೆ ಓಕ್ಲಿ ಕೇಳುತ್ತಿದ್ದದ್ದು ಅತಿಥಿಯ ಕುರ್ಚಿಯನ್ನಲ್ಲ. ಇಡೀ ದೇಶದ ಕಣ್ಣೆದುರು ಎಳೆದೊಯ್ದಿರಿ, ಕುಡುಕನೆಂದು ರೇಡಿಯೊದಲ್ಲಿ ಸೂಚಿಸಿದಿರಿ, ಕ್ಷಮೆಯನ್ನೂ ಅಷ್ಟೇ ಬಹಿರಂಗವಾಗಿ ಕೇಳಿ ಎಂಬುದು ಅವರ ಪಟ್ಟು. ಮುಚ್ಚಿದ ಬಾಗಿಲ ಹಿಂದಿನ ವಿಷಾದ ಆ ಪಟ್ಟಿಗೆ ಸಾಲದಾಯಿತು. ಲೀಗ್ ಹಾಕಿದ ತೇಪೆ ವಾರವೊಪ್ಪತ್ತಿನ ಸುದ್ದಿಯನ್ನು ತಣಿಸಿತೇ ಹೊರತು ಜಗಳವನ್ನು ಮುಟ್ಟಲಿಲ್ಲ.

ಇದನ್ನು ಕ್ಲೀವ್ಲೆಂಡಿನ ಪ್ರಸಂಗದ ಪಕ್ಕದಲ್ಲಿಟ್ಟು ನೋಡೋಣ. 2010ರ ಜುಲೈ 8ರಂದು ಲೆಬ್ರಾನ್ ಜೇಮ್ಸ್ ಟಿವಿ ಕಾರ್ಯಕ್ರಮದಲ್ಲಿ ಕುಳಿತು ತವರಿನ ಕ್ಯಾವಲಿಯರ್ಸ್ ಬಿಟ್ಟು ಮಯಾಮಿಗೆ ಹೋಗುವುದಾಗಿ ಪ್ರಕಟಿಸಿದರು. ಅಂದೇ ರಾತ್ರಿ ಮಾಲೀಕ ಡ್ಯಾನ್ ಗಿಲ್ಬರ್ಟ್ ತಂಡದ ಜಾಲತಾಣದಲ್ಲಿ ಬಹಿರಂಗ ಪತ್ರ ಬರೆದು ಲೆಬ್ರಾನ್‌ರನ್ನು ಹೇಡಿ, ದ್ರೋಹಿ ಎಂಬ ಧಾಟಿಯಲ್ಲಿ ಜಾಲಾಡಿದರು. ಲೆಬ್ರಾನ್‌ಗಿಂತ ಮೊದಲು ತಮ್ಮ ತಂಡವೇ ಕಪ್ ಗೆಲ್ಲುತ್ತದೆ ಎಂಬ ಶಪಥ ಬೇರೆ. ಮಕ್ಕಳ ಹುಟ್ಟುಹಬ್ಬದ ಆಮಂತ್ರಣಕ್ಕೆ ಬಳಸುವ ಕಾಮಿಕ್ ಸ್ಯಾನ್ಸ್ ಅಕ್ಷರದಲ್ಲಿ ಆ ಸಿಟ್ಟು ಅಚ್ಚಾಗಿತ್ತು. ಆಗಿನ ಆಯುಕ್ತ ಡೇವಿಡ್ ಸ್ಟರ್ನ್ ಒಂದು ಲಕ್ಷ ಡಾಲರ್ ದಂಡ ಹಾಕಿದರು. ಒಬ್ಬ ಮಾಲೀಕ ತನ್ನ ಆಟಗಾರನಿಗೆ ಸಾರ್ವಜನಿಕವಾಗಿ ಮಾಡಿದ ಅವಮಾನದಲ್ಲಿ ಇದು ಓಕ್ಲಿಯದಕ್ಕಿಂತ ಕಡಿಮೆಯೇನಲ್ಲ. ಆದರೂ ನಾಲ್ಕೇ ವರ್ಷದಲ್ಲಿ ಮುಗಿಯಿತು. ಕಾರಣ ಅಂಕಪಟ್ಟಿಯಲ್ಲಿದೆ. ಲೆಬ್ರಾನ್ ಹೋದ ಮರುಋತುವಿನಲ್ಲಿ ಕ್ಯಾವಲಿಯರ್ಸ್ 19 ಗೆದ್ದು 63 ಸೋತಿತು, ಅದರಲ್ಲಿ ಸಾಲಾಗಿ 26 ಸೋಲು. 2014ರಲ್ಲಿ ಲೆಬ್ರಾನ್ ಮತ್ತೆ ಬಿಡುವಾಗುತ್ತಾರೆ ಎಂಬ ಗಾಳಿಮಾತು ಹಬ್ಬಿದ್ದೇ ತಡ, ನಾಲ್ಕು ವರ್ಷದಿಂದ ಜಾಲತಾಣದಲ್ಲಿ ಹಾಗೆಯೇ ಉಳಿದಿದ್ದ ಪತ್ರ ಮಾಯವಾಯಿತು. ಗಿಲ್ಬರ್ಟ್ ಖುದ್ದು ಮಯಾಮಿಗೆ ಹೋಗಿ ಕ್ಷಮೆ ಕೇಳಿದರು. ಲೆಬ್ರಾನ್ ಮರಳಿದರು, 2016ರಲ್ಲಿ ಕಪ್ ಬಂತು. ಗಿಲ್ಬರ್ಟ್ ಮನಸ್ಸು ಡೋಲನ್ ಮನಸ್ಸಿಗಿಂತ ಮೃದುವೇನಲ್ಲ. ಅವರ ಎದುರಿದ್ದ ಆಟಗಾರನ ಮೊಣಕಾಲಲ್ಲಿ ಇನ್ನೂ ಹತ್ತು ವರ್ಷದ ಆಟವಿತ್ತು, ಅಷ್ಟೇ.

ಡೋಲನ್‌ಗೂ ರಾಜಿ ಗೊತ್ತಿಲ್ಲದ್ದೇನಲ್ಲ. ಲ್ಯಾಟ್ರೆಲ್ ಸ್ಪ್ರೀವೆಲ್ ಎಂಬ ಮತ್ತೊಬ್ಬ ಹಳೆಯ ನಿಕ್ಸ್ ತಾರೆಗೂ ಅವರಿಗೂ ಎಣ್ಣೆ-ಸೀಗೆಕಾಯಿ. 2003ರ ಡಿಸೆಂಬರಿನಲ್ಲಿ ಮಿನೆಸೋಟ ತಂಡದ ಪರ ಗಾರ್ಡನ್‌ಗೆ ಬಂದ ಸ್ಪ್ರೀವೆಲ್ ಒಂದೊಂದು ಪಾಯಿಂಟ್ ಗಳಿಸಿದಾಗಲೂ ಪಕ್ಕದಲ್ಲಿ ಕೂತಿದ್ದ ಡೋಲನ್ ಕಡೆಗೆ ಕೂಗಾಡಿದ್ದರು. ಅನಂತರದ ಹದಿಮೂರು ವರ್ಷ ಇಬ್ಬರ ನಡುವೆ ಹುಲ್ಲುಕಡ್ಡಿಯಷ್ಟೂ ಸಲಿಗೆಯಿರಲಿಲ್ಲ. ಓಕ್ಲಿಯನ್ನು ಹೊರದಬ್ಬಿದ ನಾಲ್ಕನೇ ದಿನ, ಅಂದರೆ 2017ರ ಫೆಬ್ರುವರಿ 12ರಂದು, ಸ್ಯಾನ್ ಆಂಟೋನಿಯೊ ವಿರುದ್ಧದ ಪಂದ್ಯದಲ್ಲಿ ಅದೇ ಸ್ಪ್ರೀವೆಲ್ ಡೋಲನ್ ಪಕ್ಕದ ಕುರ್ಚಿಯಲ್ಲಿ ಹಾಜರು! ಸುತ್ತ ಇನ್ನಷ್ಟು ಮಾಜಿ ಆಟಗಾರರು. ಹಳಬರನ್ನು ಮಾಲೀಕರು ಕಡೆಗಣಿಸುತ್ತಾರೆ ಎಂಬ ಆರೋಪಕ್ಕೆ ಅಂದು ಉತ್ತರವೊಂದು ಬೇಕಿತ್ತು. ಹದಿಮೂರು ವರ್ಷದ ಹಗೆ ನಾಲ್ಕು ದಿನದಲ್ಲಿ ಕರಗಿದ್ದು ಹೇಗೆಂದು ಬಿಡಿಸಿ ಹೇಳಬೇಕಿಲ್ಲ. ನಮ್ಮ ಐಪಿಎಲ್ ಕ್ರಿಕೆಟ್‌ನ ಉದಾಹರಣೆಯೂ ಇದೇ ದಿಕ್ಕಿಗೆ ಬೆರಳು ತೋರುತ್ತದೆ. 2024ರ ಮೇ ತಿಂಗಳಲ್ಲಿ ಹೈದರಾಬಾದ್ ತಂಡ 166ರ ಗುರಿಯನ್ನು 9.4 ಓವರಿನಲ್ಲಿ ವಿಕೆಟ್ ನಷ್ಟವಿಲ್ಲದೆ ಮುಟ್ಟಿದ ರಾತ್ರಿ, ಲಖನೌ ಮಾಲೀಕ ಸಂಜೀವ್ ಗೋಯೆಂಕಾ ಮೈದಾನದಲ್ಲಿಯೇ ನಮ್ಮ ಕೆ.ಎಲ್. ರಾಹುಲ್ ಎದುರು ಕೈಯಾಡಿಸಿ ಮಾತನಾಡಿದ್ದನ್ನು ಎಲ್ಲರೂ ಕಂಡರು. ರಾಹುಲ್ ನ್ಯಾಯಾಲಯಕ್ಕೆ ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಹರಾಜಿನಲ್ಲಿ ದೆಹಲಿ 14 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಮರುವರ್ಷ ಲಖನೌನಲ್ಲೇ ಅಜೇಯ 57 ಹೊಡೆದು ಗೆಲ್ಲಿಸಿ, ಗೋಯೆಂಕಾ ಕೈಕುಲುಕಿದ ಹಾಗೆ ಮಾಡಿ ನಡೆದುಬಿಟ್ಟರು. ಆಡುತ್ತಿರುವವನಿಗೆ ಉತ್ತರ ಕೊಡಲು ಮಾರುಕಟ್ಟೆಯಿದೆ, ಬ್ಯಾಟಿದೆ. 2004ರಲ್ಲೇ ಆಟ ನಿಲ್ಲಿಸಿದ್ದ ಓಕ್ಲಿಗೆ ಉಳಿದದ್ದು ನ್ಯಾಯಾಲಯವೊಂದೇ.

ಅಲ್ಲಿ ಅವರಿಗೆ ಎದುರಾದದ್ದು ಡೋಲನ್‌ಗಿಂತ ಹಳೆಯ ವಿರೋಧಿ. ಟಿಕೆಟ್ ಕೊಂಡವನಿಗೆ ಕುರ್ಚಿಯ ಮೇಲೆ ಹಕ್ಕು ಹುಟ್ಟುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಆಂಗ್ಲ ಪರಂಪರೆಯ ಕಾನೂನು ಹಾಗೆ ಭಾವಿಸುವುದಿಲ್ಲ. 1913ರಲ್ಲಿ ವಾಷಿಂಗ್ಟನ್ನಿನ ಕುದುರೆ ಜೂಜಿನ ಮೈದಾನವೊಂದರಿಂದ ಹೊರಹಾಕಿಸಿಕೊಂಡವನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಟಿಕೆಟ್ ಎಂಬುದು ಮಾಲೀಕ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದಾದ ಅನುಮತಿ. ಹಿಂತೆಗೆದುಕೊಂಡರೆ ಒಪ್ಪಂದ ಮುರಿದದ್ದಕ್ಕೆ ಪರಿಹಾರ ಕೇಳಬಹುದು, ಕುರ್ಚಿ ಬಿಡುವುದಿಲ್ಲ ಎನ್ನುವಂತಿಲ್ಲ. ಅನುಮತಿ ಹೋದ ಕ್ಷಣದಿಂದ ನೀವು ಅತಿಕ್ರಮಿ, ನಿಮ್ಮನ್ನು ಹೊರಗೆ ಕಳಿಸಲು ಮಿತವಾದ ಬಲಪ್ರಯೋಗಕ್ಕೆ ಅವಕಾಶವಿದೆ. ಹಾಗಾಗಿ ಓಕ್ಲಿಯನ್ನು ಏಕೆ ಹೊರಹಾಕಿದಿರಿ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಹೊರಹಾಕುವಾಗ ಎಷ್ಟು ಜೋರಾಗಿ ತಳ್ಳಿದಿರಿ ಎಂಬುದಕ್ಕೆ ಮಾತ್ರ ಇದೆ. ಅಭಿಮಾನಿಗಳ ಮನಸ್ಸಿನಲ್ಲಿ ಗೌರವದ ಮೊಕದ್ದಮೆಯಾಗಿದ್ದದ್ದು ನ್ಯಾಯಾಲಯದ ಬಾಗಿಲು ದಾಟುವಷ್ಟರಲ್ಲಿ ಕೆಲವು ಸೆಕೆಂಡುಗಳ ನೂಕಾಟದ ಮೊಕದ್ದಮೆಯಾಗಿ ಕುಗ್ಗಿತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 2017ರ ಆಗಸ್ಟ್‌ನಲ್ಲಿ ಕ್ರಿಮಿನಲ್ ಆರೋಪಗಳು, ಒಂದು ವರ್ಷ ಗಾರ್ಡನ್‌ಗೆ ಕಾಲಿಡಬಾರದೆಂಬ ಷರತ್ತಿನೊಂದಿಗೆ, ಕೈಬಿಡುವ ಹಾದಿ ಹಿಡಿದವು. ಸೆಪ್ಟೆಂಬರಿನಲ್ಲಿ ಓಕ್ಲಿ ಫೆಡರಲ್ ನ್ಯಾಯಾಲಯದಲ್ಲಿ ಡೋಲನ್ ಮತ್ತು ಗಾರ್ಡನ್ ವಿರುದ್ಧ ಮಾನಹಾನಿ, ಹಲ್ಲೆ ಮುಂತಾದವುಗಳಿಗಾಗಿ ದಾವೆ ಹೂಡಿದರು. 2020ರ ಫೆಬ್ರುವರಿಯಲ್ಲಿ ನ್ಯಾಯಾಧೀಶ ರಿಚರ್ಡ್ ಸಲಿವನ್ ಎಲ್ಲವನ್ನೂ ವಜಾ ಮಾಡಿದರು. ಅದೇ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಮಾನಹಾನಿಯ ಭಾಗವನ್ನು ಕೈಬಿಟ್ಟು, ಹಲ್ಲೆಯ ಭಾಗಕ್ಕೆ ಜೀವ ಕೊಟ್ಟಿತು. 2021ರಲ್ಲಿ ವಿಚಾರಣೆಗೆ ಮೊದಲೇ ಸಲಿವನ್ ಮತ್ತೆ ಗಾರ್ಡನ್ ಪರ ತೀರ್ಪಿತ್ತರು. 2023ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದುಮಾಡಿ, ಬಲಪ್ರಯೋಗ ಮಿತಿ ಮೀರಿತ್ತೇ ಎಂಬುದು ತೀರ್ಪುಗಾರರ ಮಂಡಳಿಯ ಮುಂದೆ ಹೋಗಬಹುದಾದ ಪ್ರಶ್ನೆ ಎಂದಿತು. ಅಷ್ಟರಲ್ಲಿ ಓಕ್ಲಿಯ ಫೋನಿನಲ್ಲಿದ್ದ ಹಳೆಯ ಸಂದೇಶಗಳು ಉಳಿದಿಲ್ಲವೆಂಬುದು ಹೊರಬಿತ್ತು. ಸಾಕ್ಷ್ಯ ಕಾಪಾಡುವ ಕರ್ತವ್ಯದಲ್ಲಿ ತಪ್ಪಿದರೆಂದು ಗಾರ್ಡನ್ನಿನ ವಕೀಲರ ಶುಲ್ಕವಾಗಿ 6.4 ಲಕ್ಷ ಡಾಲರಿಗೂ ಹೆಚ್ಚು ತೆರುವಂತೆ 2025ರಲ್ಲಿ ಸಲಿವನ್ ಆದೇಶಿಸಿದರು. ಅವಮಾನಕ್ಕೆ ಪರಿಹಾರ ಕೇಳಲು ಹೋದವನೇ ಎದುರಾಳಿಯ ವಕೀಲರ ಬಿಲ್ ಕಟ್ಟುವ ಸ್ಥಿತಿ.

ಇಲ್ಲಿ ಓಕ್ಲಿಯ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ದಾವೆ ಹೂಡಿದವನು ಸಾಕ್ಷ್ಯ ಜೋಪಾನ ಮಾಡಬೇಕು ಎಂಬುದು ಯಾವ ವಕೀಲನೂ ಮೊದಲ ದಿನ ಹೇಳುವ ಮಾತು. ಆ ರಾತ್ರಿಯ ದೃಶ್ಯಗಳಲ್ಲಿಯೂ ಓಕ್ಲಿ ಸಿಬ್ಬಂದಿಯ ಮುಖಕ್ಕೆ ಬೆರಳೊಡ್ಡುವುದು, ತಳ್ಳುವುದು ಕಾಣಿಸುತ್ತದೆ. ಆಡುವ ದಿನಗಳಲ್ಲಿ ಕೈ ಮುಂದು ಮಾಡಿ ದಂಡ ತೆತ್ತವರು, ಅಮಾನತಾದವರು. ಬಂದ ಹೊತ್ತಿನಿಂದ ಸಿಬ್ಬಂದಿಯನ್ನು ನಿಂದಿಸುತ್ತಿದ್ದರು ಎಂಬುದು ಗಾರ್ಡನ್ ವಾದ, ಸುಮ್ಮನೆ ಕೂತಿದ್ದವನನ್ನು ಎಬ್ಬಿಸಿದರು ಎಂಬುದು ಓಕ್ಲಿಯ ವಾದ. ಗಾರ್ಡನ್ ಹೇಳಿದ್ದೆಲ್ಲ ಸತ್ಯವೆಂದೇ ಇಟ್ಟುಕೊಳ್ಳೋಣ. ಆಗ ಒಂದು ರಾತ್ರಿಯ ಹೊರಹಾಕುವಿಕೆಗೆ ಸಮರ್ಥನೆ ಸಿಗುತ್ತದೆ. ರೇಡಿಯೊದಲ್ಲಿ ಕುಡಿತದ ಮಾತೆತ್ತಿದ್ದಕ್ಕೆ ಸಿಗುವುದಿಲ್ಲ, ಅದಕ್ಕೂ ಮುಂಚಿನ ವರ್ಷಗಳ ಕಡೆಗಣನೆಗೆ ಸಿಗುವುದಿಲ್ಲ, ಕ್ಷಮೆ ಎಂಬ ಬಿಟ್ಟಿ ಪದವನ್ನು ಇಷ್ಟು ವರ್ಷ ಬಿಗಿಹಿಡಿದದ್ದಕ್ಕಂತೂ ಸಿಗುವುದೇ ಇಲ್ಲ. ಜಗಳ ಹೇಗೆ ಹುಟ್ಟಿತು ಎಂಬುದರಲ್ಲಿ ಇಬ್ಬರಿಗೂ ಪಾಲಿದೆ. ಹೇಗೆ ಉಳಿಯಿತು ಎಂಬುದು ಬೇರೆ ಪ್ರಶ್ನೆ. ಓಕ್ಲಿ ಈ ಜಗಳವನ್ನು ಸ್ವಂತ ಖರ್ಚಿನಲ್ಲಿ ಮುಂದುವರಿಸುತ್ತಿದ್ದಾರೆ, ಡೋಲನ್ ಕಂಪನಿಯ ಖರ್ಚಿನಲ್ಲಿ.

ಮನೆ ಅವರದು, ಯಾರನ್ನು ಕರೆಯಬೇಕು ಬಿಡಬೇಕು ಎಂಬುದು ಅವರಿಗೆ ಸೇರಿದ್ದು ಎನ್ನುವವರಿದ್ದಾರೆ. ಆಸ್ತಿಯ ಹಕ್ಕನ್ನು ಗೌರವಿಸುವವರು ಸಹಜವಾಗಿ ಆಡುವ ಮಾತಿದು, ತಳ್ಳಿಹಾಕುವಂಥದ್ದಲ್ಲ. ಆದರೆ ಗಾರ್ಡನ್ ಎಂಥ ಮನೆ? 1982ರಿಂದ ಅದಕ್ಕೆ ನಗರದ ಆಸ್ತಿ ತೆರಿಗೆ ಪೂರ್ತಿ ಮಾಫಿ. ಇತ್ತೀಚಿನ ಲೆಕ್ಕದಲ್ಲಿ ಇದು ವರ್ಷಕ್ಕೆ ನಾಲ್ಕು ಕೋಟಿ ಡಾಲರ್ ಮೀರುತ್ತದೆ. ತಂಡಗಳು ಊರು ಬಿಟ್ಟು ಹೋಗದಿರಲಿ ಎಂದು ಕೊಟ್ಟ ವಿನಾಯಿತಿ ಅದು. ಅಂದರೆ ಓಕ್ಲಿಯ ಪರ ಕೂಗಿದವರ ಜೇಬಿನಿಂದಲೂ ಆ ಮನೆಗೆ ಪಾಲು ಸಲ್ಲುತ್ತಿದೆ. ಕಾನೂನು ಕೂಡ ಮನೆಗೂ ಮನರಂಜನೆಯ ತಾಣಕ್ಕೂ ವ್ಯತ್ಯಾಸ ಮಾಡಬಲ್ಲದು, ಒಮ್ಮೆ ಮಾಡಿಯೂ ಇದೆ. ನ್ಯೂಯಾರ್ಕ್ ಟೈಮ್ಸ್‌ನ ನಾಟಕ ವಿಮರ್ಶಕ ಅಲೆಕ್ಸಾಂಡರ್ ವುಲ್ಕಾಟ್ ಕಟುವಾಗಿ ಬರೆದರೆಂದು ಶೂಬರ್ಟ್ ಸೋದರರು ತಮ್ಮ ರಂಗಮಂದಿರಗಳಿಗೆ ಅವರನ್ನು ಬಿಡಲಿಲ್ಲ. 1916ರಲ್ಲಿ ರಾಜ್ಯದ ಉನ್ನತ ನ್ಯಾಯಾಲಯ ಶೂಬರ್ಟ್‌ಗಳ ಪರ ನಿಂತಿತು. 1941ರಲ್ಲಿ ಶಾಸನಸಭೆ ಕಾನೂನು ತಂದು, ಟಿಕೆಟ್ ಹಿಡಿದು ಸಭ್ಯವಾಗಿ ಬಂದವನನ್ನು ರಂಗಮಂದಿರ, ಸಂಗೀತ ಸಭಾಂಗಣ, ಸರ್ಕಸ್‌ಗಳಲ್ಲಿ ತಡೆಯುವಂತಿಲ್ಲ ಎಂದಿತು. ಆ ಪಟ್ಟಿಯಲ್ಲಿ ಕ್ರೀಡಾಂಗಣ ಸೇರಲಿಲ್ಲ. ಹೀಗಾಗಿ ಗಾರ್ಡನ್‌ನಲ್ಲಿ ಶನಿವಾರ ಸಂಗೀತ ಕಛೇರಿ ಕೇಳಲು ಬಂದವನಿಗೆ ಇರುವ ರಕ್ಷಣೆ ಭಾನುವಾರ ಅದೇ ಕುರ್ಚಿಯಲ್ಲಿ ನಿಕ್ಸ್ ಪಂದ್ಯ ನೋಡಲು ಕೂತವನಿಗೆ ಇಲ್ಲ. ಇದನ್ನು ವಿವೇಕವೆಂದು ಯಾರೂ ಸಮರ್ಥಿಸಲಾರರು. ಸರ್ಕಸ್ಸಿಗೆ ಕೊಟ್ಟ ಗೌರವವನ್ನು ಬ್ಯಾಸ್ಕೆಟ್‌ಬಾಲ್‌ಗೆ ಕೊಡಲು ಆ ಕಾಲದವರಿಗೆ ತೋಚಲಿಲ್ಲ, ಅಷ್ಟೆ.

ಈ ಬಿರುಕು ಎಷ್ಟು ಅಗಲವೆಂಬುದು 2022ರಲ್ಲಿ ಬಯಲಾಯಿತು. ಗಾರ್ಡನ್ ವಿರುದ್ಧ ಮೊಕದ್ದಮೆ ನಡೆಸುತ್ತಿರುವ ವಕೀಲ ಸಂಸ್ಥೆಗಳ ಪ್ರತಿಯೊಬ್ಬ ವಕೀಲನಿಗೂ, ಆ ಮೊಕದ್ದಮೆಗೆ ಸಂಬಂಧವಿರಲಿ ಬಿಡಲಿ, ಡೋಲನ್ ಕಂಪನಿ ಪ್ರವೇಶ ನಿಷೇಧಿಸಿತು. ಮುಖ ಗುರುತಿಸುವ ಕ್ಯಾಮೆರಾಗಳೇ ಕಾವಲು. ಮಗಳ ಸ್ಕೌಟ್ ಗುಂಪಿನೊಂದಿಗೆ, ಅದೇ ಕಂಪನಿ ನಡೆಸುವ ರೇಡಿಯೊ ಸಿಟಿ ಸಭಾಂಗಣದ ಕ್ರಿಸ್‌ಮಸ್ ಪ್ರದರ್ಶನಕ್ಕೆ ಬಂದಿದ್ದ ವಕೀಲೆಯೊಬ್ಬರನ್ನು ಹೊರಗೆ ನಿಲ್ಲಿಸಿ ಮಕ್ಕಳನ್ನು ಒಳಬಿಟ್ಟರು. ರಾಜ್ಯದ ಮದ್ಯ ಪ್ರಾಧಿಕಾರ ಪರವಾನಗಿಯ ಪ್ರಶ್ನೆ ಎತ್ತಿದಾಗ ಡೋಲನ್ ಟಿವಿಗೆ ಬಂದು, ಒಂದು ರೇಂಜರ್ಸ್ ಪಂದ್ಯದ ರಾತ್ರಿ ಗಾರ್ಡನ್‌ನಲ್ಲಿ ಮದ್ಯ ಮಾರಾಟವನ್ನೇ ನಿಲ್ಲಿಸಿ, ಪ್ರಾಧಿಕಾರದ ಮುಖ್ಯಸ್ಥರ ಫೋಟೊ ಹಾಕುತ್ತೇನೆ ಎಂದು ಬೆದರಿಸಿದರು. ಓಕ್ಲಿಯ ಪ್ರಕರಣ ವೈಯಕ್ತಿಕ ದ್ವೇಷದ ಒಂಟಿ ಘಟನೆಯಾಗಿ ಉಳಿಯುವುದಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಮಾಜಿ ತಾರೆ, ವೃದ್ಧ ಅಭಿಮಾನಿ, ಅಪರಿಚಿತ ವಕೀಲೆ ಮೂವರಿಗೂ ತೋರಿಸಿದ್ದು ಒಂದೇ ಬಾಗಿಲು.

ಮಾರುಕಟ್ಟೆ ಇಂಥವರಿಗೆ ಪಾಠ ಕಲಿಸುತ್ತದಲ್ಲ ಎಂಬ ನಂಬಿಕೆಯೊಂದಿದೆ. ಕಲಿಸಿತೇ ನೋಡೋಣ. ಓಕ್ಲಿಗೆ ಕೋಳ ಹಾಕಿದ ಮರುವಾರವೇ ಫೋರ್ಬ್ಸ್ ಪತ್ರಿಕೆ ಎನ್‌ಬಿಎ ತಂಡಗಳ ಮೌಲ್ಯದ ಪಟ್ಟಿ ಪ್ರಕಟಿಸಿತು. 330 ಕೋಟಿ ಡಾಲರ್ ಮೌಲ್ಯದೊಂದಿಗೆ ನಿಕ್ಸ್‌ಗೆ ಮೊದಲ ಸ್ಥಾನ. ಆ ಋತುವಿನಲ್ಲಿ ತಂಡ ಗೆದ್ದದ್ದು 31, ಸೋತದ್ದು 51. 2024ರಲ್ಲಿ ಅದೇ ಪತ್ರಿಕೆಯ ಅಂದಾಜು 750 ಕೋಟಿ. ಎನ್‌ಬಿಎಯಲ್ಲಿ ಸೋತವರು ಕೆಳಗಿನ ಲೀಗ್‌ಗೆ ಇಳಿಯುವುದಿಲ್ಲ, ಮತ್ತೊಬ್ಬರು ಬಂದು ಮ್ಯಾನ್ಹಾಟನ್‌ನಲ್ಲಿ ಇನ್ನೊಂದು ತಂಡ ಕಟ್ಟುವಂತಿಲ್ಲ, ರಾಷ್ಟ್ರೀಯ ಟಿವಿ ಹಣ ಮೂವತ್ತು ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಷೇರುದಾರರಾದರೂ ತಡೆಯಬಹುದೇ ಅಂದರೆ, ಡೋಲನ್ ಕುಟುಂಬದ ಕೈಲಿರುವ ಒಂದೊಂದು ಷೇರಿಗೆ ಹತ್ತು ಮತ, ಉಳಿದವರದ್ದಕ್ಕೆ ಒಂದು. ಅಭಿಮಾನಿಯ ನಿಷ್ಠೆ ಅಪ್ಪನಿಂದ ಮಗನಿಗೆ ಬಂದದ್ದು, ಬೆಲೆ ಏರಿತೆಂದು ಸೋಪು ಬದಲಿಸಿದಂತೆ ಬದಲಿಸುವಂಥದ್ದಲ್ಲ. ಶಿಕ್ಷಿಸಬಲ್ಲ ಗಿರಾಕಿಯೇ ಇಲ್ಲದ ಕಡೆ ಮಾರುಕಟ್ಟೆಯ ಪಾಠಶಾಲೆ ತೆರೆಯುವುದಿಲ್ಲ.

ಲೀಗ್‌ಗೆ ಮಾತ್ರ ಆ ಶಕ್ತಿಯಿದೆ. 2014ರಲ್ಲಿ ಕ್ಲಿಪ್ಪರ್ಸ್ ಮಾಲೀಕ ಡೊನಾಲ್ಡ್ ಸ್ಟರ್ಲಿಂಗ್ ಕಪ್ಪುವರ್ಣೀಯರ ಬಗ್ಗೆ ಆಡಿದ ಮಾತಿನ ಧ್ವನಿಮುದ್ರಿಕೆ ಹೊರಬಿದ್ದಾಗ ಇದೇ ಸಿಲ್ವರ್ ಆಜೀವ ನಿಷೇಧ ಹೇರಿ, 25 ಲಕ್ಷ ಡಾಲರ್ ದಂಡ ಹಾಕಿದರು. ತಂಡ 200 ಕೋಟಿ ಡಾಲರಿಗೆ ಸ್ಟೀವ್ ಬಾಲ್ಮರ್ ಪಾಲಾಯಿತು. ಓಕ್ಲಿಯನ್ನು ಹೊರಗೆ ಒಯ್ದ ರಾತ್ರಿ ಎದುರಿಗೆ ಆಡುತ್ತಿದ್ದದ್ದೂ ಅದೇ ಕ್ಲಿಪ್ಪರ್ಸ್. ಆದರೆ ಸ್ಟರ್ಲಿಂಗ್ ಪ್ರಕರಣದಲ್ಲಿ ಆಟಗಾರರು ಪ್ಲೇ-ಆಫ್ ಬಹಿಷ್ಕರಿಸುವ ಹಂತ ತಲುಪಿದ್ದರು, ಪ್ರಾಯೋಜಕರು ಓಡತೊಡಗಿದ್ದರು. ಉಳಿದ ಇಪ್ಪತ್ತೊಂಬತ್ತು ಮಾಲೀಕರ ಗಲ್ಲಾಪೆಟ್ಟಿಗೆಗೇ ಕುತ್ತು ಬಂದಿತ್ತು. ಆಯುಕ್ತರಿಗೆ ಸಂಬಳ ಕೊಡುವವರು ಮಾಲೀಕರು. ಒಬ್ಬ ಮಾಲೀಕ ಮಾಜಿ ಆಟಗಾರನಿಗೆ ಕ್ಷಮೆ ಕೇಳದಿದ್ದರೆ ಉಳಿದವರಿಗೆ ಒಂದು ಡಾಲರೂ ಖೋತಾ ಇಲ್ಲ. ಸ್ಟರ್ಲಿಂಗ್ ಮತ್ತು ಡೋಲನ್‌ರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. ಲೀಗ್ ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದಕ್ಕೆ ಮಾತ್ರ ಈ ಹೋಲಿಕೆ.

ಈಚೆಗೆ ನಿಕ್ಸ್ ಗೆಲ್ಲುತ್ತಿದೆ. 2020ರಿಂದ ತಂಡದ ವ್ಯವಹಾರವನ್ನು ಲಿಯಾನ್ ರೋಸ್ ಕೈಗೊಪ್ಪಿಸಿ ಡೋಲನ್ ತುಸು ಹಿಂದೆ ಸರಿದಿದ್ದಾರೆ. 2025ರಲ್ಲಿ ಬಾಸ್ಟನ್ ತಂಡವನ್ನು ಮಣಿಸಿ ಪೂರ್ವ ವಲಯದ ಫೈನಲ್ ಮುಟ್ಟಿದಾಗ ಊರಿಗೆ ಊರೇ ಬೀದಿಗಿಳಿಯಿತು. ಗೆದ್ದ ಮೇಲೆ ಹಳೆಯ ರಗಳೆ ಯಾರಿಗೆ ಬೇಕು ಎನ್ನುವವರ ಸಂಖ್ಯೆ ಸಹಜವಾಗಿ ಹೆಚ್ಚಿದೆ. ಇದು ಓಕ್ಲಿಗೆ ಕೆಟ್ಟ ಸುದ್ದಿ. ತಂಡ ಸೋಲುತ್ತಿದ್ದಾಗ ಅವರ ಹೆಸರು ಕೂಗುವುದು ಮಾಲೀಕನನ್ನು ಚುಚ್ಚುವ ಸುಲಭ ದಾರಿಯಾಗಿತ್ತು. ಗೆಲ್ಲುವಾಗ ಆ ಕೂಗಿಗೂ ಕೆಲಸವಿಲ್ಲ, ಡೋಲನ್ ಮೇಲಿದ್ದ ಅಷ್ಟಿಷ್ಟು ಒತ್ತಡವೂ ಕರಗುತ್ತದೆ. ಉಳಿದದ್ದು ಒಂದೇ ಗಾಳ, ಅದು ನಗರಸಭೆಯ ಕೈಯಲ್ಲಿದೆ. ಪೆನ್ ರೈಲು ನಿಲ್ದಾಣದ ನೆತ್ತಿಯ ಮೇಲೆ ಕೂತಿರುವ ಗಾರ್ಡನ್ ಅಷ್ಟು ಜನ ಸೇರಿಸಿ ನಡೆಯಬೇಕಾದರೆ ನಗರದ ವಿಶೇಷ ಅನುಮತಿ ಬೇಕು. 2013ರಲ್ಲಿ ಹತ್ತು ವರ್ಷಕ್ಕೆ ಕೊಟ್ಟಿದ್ದ ಅನುಮತಿಯನ್ನು 2023ರಲ್ಲಿ ಐದೇ ವರ್ಷಕ್ಕೆ ಇಳಿಸಿದರು. 2028ರಲ್ಲಿ ಡೋಲನ್ ಕಂಪನಿ ಮತ್ತೆ ನಗರಸಭೆಯ ಮುಂದೆ ನಿಲ್ಲಬೇಕು. ಅಲ್ಲಿನ ಸದಸ್ಯರ ತಲೆಯಲ್ಲಿರುವುದು ರೈಲು ನಿಲ್ದಾಣದ ವಿಸ್ತರಣೆ. ತೆರಿಗೆ ಮಾಫಿ ಪಡೆಯುವ ಕ್ರೀಡಾಂಗಣ ಟಿಕೆಟ್ ಹಿಡಿದವರನ್ನು ಕಾರಣ ಹೇಳದೆ ಹೊರಗಟ್ಟಬಾರದು ಎಂಬ ಒಂದು ಷರತ್ತನ್ನು ಅವರು ಅನುಮತಿಗೆ ಗಂಟುಹಾಕಬಹುದು, 1941ರ ಕಾನೂನಿನ ಪಟ್ಟಿಗೆ ಕ್ರೀಡಾಂಗಣ ಎಂಬ ಪದ ಸೇರಿಸಿ ಎಂದು ರಾಜ್ಯವನ್ನು ಕೇಳಬಹುದು. ಆಗಲೂ ಓಕ್ಲಿಗೆ ಕ್ಷಮಾಪಣೆ ಸಿಗಲಾರದು. ಡೋಲನ್‌ಗೆ ಮೊದಲ ಬಾರಿ ಒಂದು ಬಿಲ್ ಮಾತ್ರ ಬರಬಹುದು.